ಮೂರು ದ್ರಾಕ್ಷಿಯ ರೆಡ್ ವೈನ್, ಮನೆಯ ಸಾದಾ ಊಟ

ಪ್ರಶ್ನೆ: ಉಡುಗೊರೆಯಾಗಿ ಒಂದು ರೆಡ್ ವೈನ್ ಬಾಟಲಿ ಬಂದಿದೆ. ಲೇಬಲ್ ಮೇಲೆ ಗ್ರೆನಾಶ್, ಸಿರಾ, ಮೂರ್ವೆದ್ರ್ ಅಂತ ಮೂರು ದ್ರಾಕ್ಷಿಗಳ ಹೆಸರಿದೆ. ಬ್ಲೆಂಡ್ ಅಂದರೆ ಉಳಿದಿದ್ದನ್ನೆಲ್ಲ ಸುರಿದು ಮಾಡಿದ ಕಡಿಮೆ ದರ್ಜೆಯ ವೈನ್ ಅಂತ ಸ್ನೇಹಿತರೊಬ್ಬರು ಹೇಳಿದರು. ಹೌದಾ? ನಾವು ವಾರದ ನಡುವೆ ಒಂದು ಸಂಜೆ ಮನೆಯಲ್ಲೇ ಟೊಮೆಟೊ ಪಾಸ್ತಾ ಅಥವಾ ಓವನ್‌ನಲ್ಲಿ ಬೇಯಿಸಿದ ಚಿಕನ್ ಜೊತೆ ಕುಡಿಯೋಣ ಅಂತಿದ್ದೇವೆ. ಫ್ರಿಜ್‌ನಲ್ಲಿ ಇಡಬೇಕಾ, ಬೇಡವಾ? ಬೇರೆ ಗ್ಲಾಸ್ ತರಬೇಕಾ? ಇಬ್ಬರೇ ಇರೋದರಿಂದ ಬಾಟಲಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಉಳಿದಿದ್ದು ಎಷ್ಟು ದಿನ ಚೆನ್ನಾಗಿರುತ್ತದೆ?

ಉತ್ತರ: ಮೊದಲು ನಿಮ್ಮ ಸ್ನೇಹಿತರ ಮಾತನ್ನು ನೋಡೋಣ, ಯಾಕಂದರೆ ಈ ಅನುಮಾನ ತಲೆಯಲ್ಲಿ ಕೂತರೆ ಒಳ್ಳೆಯ ವೈನ್ ಕೂಡ ರುಚಿಸುವುದಿಲ್ಲ. ಫ್ರಾನ್ಸಿನ ಬೋರ್ಡೋ ಪ್ರದೇಶದ ರೆಡ್ ವೈನ್‌ಗಳು ಬಹುಪಾಲು ಬ್ಲೆಂಡ್‌ಗಳೇ. 1855ರಲ್ಲಿ ಅಲ್ಲಿನ ವೈನ್‌ಗಳಿಗೆ ದರ್ಜೆ ಕೊಟ್ಟಾಗ ಮೊದಲ ಸಾಲಿಗೆ ಬಂದ ಲಫೀತ್, ಲಾತೂರ್, ಮಾರ್ಗೋ, ಓ-ಬ್ರಿಯೋಂ ಅನ್ನುವ ನಾಲ್ಕೂ ವೈನ್ ತೋಟಗಳು ಸಾಮಾನ್ಯವಾಗಿ ಕ್ಯಾಬರ್ನೆ ಸೊವಿನ್ಯೋಂ, ಮೆರ್ಲೋ ಮುಂತಾದ ದ್ರಾಕ್ಷಿಗಳನ್ನು ಸೇರಿಸಿಯೇ ವೈನ್ ಮಾಡುತ್ತವೆ. ಸ್ಪೇನಿನ ರಿಯೋಹಾದಲ್ಲಿ ಟೆಂಪ್ರಾನಿಯೋ ಜೊತೆ ಗಾರ್ನಾಚಾ, ಗ್ರಾಸಿಯಾನೋ ಸೇರುತ್ತವೆ. ಹಾಗಾಗಿ ಬ್ಲೆಂಡ್ ಅನ್ನೋದು ದರ್ಜೆಯ ಮಾತೇ ಅಲ್ಲ, ಅದು ವೈನ್ ಮಾಡುವ ಒಂದು ರೀತಿ.

ಇನ್ನೊಂದು ವಿಷಯ. ಒಂದೇ ದ್ರಾಕ್ಷಿಯ ಹೆಸರು ಹೊತ್ತ ಬಾಟಲಿಯಲ್ಲೂ ಒಂದೇ ದ್ರಾಕ್ಷಿ ಇರಬೇಕು ಅಂತೇನಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಲೇಬಲ್ ಮೇಲೆ ಒಂದು ತಳಿಯ ಹೆಸರು ಹಾಕಲು ಶೇ. 85ರಷ್ಟು ಆ ದ್ರಾಕ್ಷಿ ಇದ್ದರೆ ಸಾಕು, ಅಮೆರಿಕದಲ್ಲಿ ಸಾಮಾನ್ಯವಾಗಿ ಶೇ. 75 ಸಾಕು. ಬರೀ ಮೆರ್ಲೋ ಅಂತ ನಾವು ಕುಡಿಯುವ ಎಷ್ಟೋ ವೈನ್‌ಗಳಲ್ಲಿ ಬೇರೆ ದ್ರಾಕ್ಷಿಯ ಪಾಲು ಸದ್ದಿಲ್ಲದೆ ಇರುತ್ತದೆ.

ಯಾಕೆ ಸೇರಿಸುತ್ತಾರೆ? ಶುರುವಿನಲ್ಲಿ ಇದು ಹವಾಮಾನದ ಲೆಕ್ಕಾಚಾರ. ಮೆರ್ಲೋ ಬೇಗ ಚಿಗುರುತ್ತದೆ, ಬೇಗ ಹಣ್ಣಾಗುತ್ತದೆ. ವಸಂತದಲ್ಲಿ ತಡವಾಗಿ ಹಿಮ ಬಿದ್ದರೆ ಮೊದಲು ಪೆಟ್ಟು ಬೀಳೋದು ಅದಕ್ಕೆ. ಕ್ಯಾಬರ್ನೆ ತಡವಾಗಿ ಹಣ್ಣಾಗುವ ಜಾತಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಅದು ಕಾಯಾಗಿಯೇ ಉಳಿಯಬಹುದು. ಎರಡನ್ನೂ ಬೆಳೆದವನಿಗೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಆಮೇಲೆ ಇದೇ ರುಚಿಯ ಲೆಕ್ಕವೂ ಆಯಿತು. ಒಂದು ದ್ರಾಕ್ಷಿಯಲ್ಲಿ ಇಲ್ಲದ್ದನ್ನು ಇನ್ನೊಂದು ತುಂಬುತ್ತದೆ.

ಸೇರಿಸೋದು ಅಂದರೆ ಪಾತ್ರೆಗೆ ಸುರಿಯೋದಲ್ಲ. ಹೆಚ್ಚಿನ ಕಡೆ ಪ್ರತಿ ತಳಿಯನ್ನು, ಕೆಲವು ಸಲ ತೋಟದ ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಹುದುಗಿಸುತ್ತಾರೆ. ತಿಂಗಳುಗಳ ನಂತರ ಒಂದೊಂದು ಪೀಪಾಯಿಯಿಂದ ಸ್ವಲ್ಪ ಸ್ವಲ್ಪ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ಅಳತೆಯ ಗಾಜಿನ ಕೊಳವೆಯಲ್ಲಿ ಇಷ್ಟು ಇದು, ಇಷ್ಟು ಅದು ಅಂತ ಬೆರೆಸಿ, ರುಚಿ ನೋಡಿ, ಉಗಿದು, ಬರೆದುಕೊಂಡು, ಮತ್ತೆ ಬೆರೆಸುತ್ತಾರೆ. ಪೆತಿ ವೆರ್ದೋ ಅನ್ನುವ ದಟ್ಟ ಬಣ್ಣದ ದ್ರಾಕ್ಷಿಯನ್ನು ಶೇ. 3ರಷ್ಟು ಸೇರಿಸಿದರೂ ಗ್ಲಾಸಿನ ಬಣ್ಣ ಮತ್ತು ಒಗರು ಬದಲಾಗಿದ್ದು ಗೊತ್ತಾಗುತ್ತದೆ. ಇದು ನಾಲಿಗೆಯ ಕೆಲಸ, ತುಂಬ ತಾಳ್ಮೆಯ ಕೆಲಸ. ಈ ಕೆಲಸಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ ಅನ್ನೋದು ನನ್ನ ಬೇಸರ.

ಹಾಗಂತ ನಿಮ್ಮ ಸ್ನೇಹಿತರ ಮಾತಿನಲ್ಲಿ ಏನೂ ಇಲ್ಲ ಅಂತಲ್ಲ. ದ್ರಾಕ್ಷಿಯ ಹೆಸರಿಲ್ಲದೆ, ಊರಿನ ಹೆಸರಿಲ್ಲದೆ, ಸುಮ್ನೆ ರೆಡ್ ಬ್ಲೆಂಡ್ ಅಂತಷ್ಟೇ ಬರೆದ ಕೆಲವು ಬಾಟಲಿಗಳಲ್ಲಿ ಸಕ್ಕರೆ ಅಂಶ ಗೊತ್ತಾಗುವಷ್ಟು ಉಳಿಸಿರುತ್ತಾರೆ. ಮೊದಲ ಗುಟುಕಿಗೆ ಜಾಮ್, ವೆನಿಲ್ಲಾ, ಸಿಹಿ ಅನಿಸುತ್ತದೆ, ಎರಡನೇ ಗ್ಲಾಸಿಗೆ ಬೇಜಾರು ಬರುತ್ತದೆ. ನಿಮ್ಮದರ ಮೇಲೆ ಮೂರು ತಳಿಗಳ ಹೆಸರನ್ನೂ ಬರೆದಿದ್ದಾರೆ ಅಲ್ವಾ? ಅದು ಒಳ್ಳೆಯ ಸೂಚನೆ.

ಈ ಮೂರೂ ಹಳೆಯ ಜೊತೆಗಾರರು. ಫ್ರಾನ್ಸಿನ ದಕ್ಷಿಣ ರೋನ್ ಕಣಿವೆಯಲ್ಲಿ, ಕೋತ್ ದ್ಯು ರೋನ್ ವೈನ್‌ಗಳಲ್ಲಿ, ಇವೇ ಮುಖ್ಯ. ಅಲ್ಲಿನ ಶಾತೊನೆಫ್-ದ್ಯು-ಪಾಪ್‌ನಲ್ಲಿ ಸಾಂಪ್ರದಾಯಿಕವಾಗಿ 13 ತಳಿಗಳಿಗೆ ಅವಕಾಶ ಇದ್ದರೂ ಮುಂದಾಳು ಸಾಮಾನ್ಯವಾಗಿ ಗ್ರೆನಾಶ್. ಆಸ್ಟ್ರೇಲಿಯಾದವರು ಇದೇ ಮೂರನ್ನು ಸೇರಿಸಿ ಜಿಎಸ್ಎಂ ಅಂತ ಕರೆಯುತ್ತಾರೆ. ಗ್ರೆನಾಶ್‌ನ ಸಿಪ್ಪೆ ತೆಳು, ಬಣ್ಣ ಕಡಿಮೆ, ಒಗರು ಕಡಿಮೆ. ಆದರೆ ಬಿಸಿಲಲ್ಲಿ ಚೆನ್ನಾಗಿ ಹಣ್ಣಾಗಿ ಸಕ್ಕರೆ ತುಂಬಿಕೊಳ್ಳುವುದರಿಂದ ಆಲ್ಕೊಹಾಲ್ ಜಾಸ್ತಿ, ಸ್ಟ್ರಾಬೆರಿ ರಾಸ್ಪ್‌ಬೆರಿಯಂಥ ಹಣ್ಣಿನ ಪರಿಮಳ ಜಾಸ್ತಿ. ಸಿರಾ ಬಣ್ಣ ಕೊಡುತ್ತದೆ, ಕರಿಮೆಣಸಿನ ವಾಸನೆ ಕೊಡುತ್ತದೆ. ಇದು ಬರೀ ಹೋಲಿಕೆ ಅಲ್ಲ: ಕರಿಮೆಣಸಿನ ಘಮಕ್ಕೆ ಕಾರಣವಾದ ರೊಟುಂಡೋನ್ ಅನ್ನುವ ವಸ್ತುವೇ ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಮೂರ್ವೆದ್ರ್ ದಪ್ಪ ಸಿಪ್ಪೆಯದು, ತಡವಾಗಿ ಹಣ್ಣಾಗುತ್ತದೆ. ಒಗರು, ಮಣ್ಣಿನ ವಾಸನೆ, ಬೆನ್ನೆಲುಬು ಅದರದ್ದು.

ಒಟ್ಟಿನಲ್ಲಿ ಇದು ಊಟದ ಜೊತೆಗೆ ಹೇಳಿ ಮಾಡಿಸಿದ ವೈನ್. ಇನ್ನು ಮೇಲೆ ನಾನು ಹೇಳೋದೆಲ್ಲ ಒಂದೇ ಮಾತಿನ ಸುತ್ತ: ವೈನ್ ಬದಲಿಸಬೇಡಿ, ಅದರ ಬಿಸಿ ಮತ್ತು ನಿಮ್ಮ ತಟ್ಟೆಯ ಉಪ್ಪು, ಹುಳಿ, ಜಿಡ್ಡು ಸರಿ ಮಾಡಿಕೊಳ್ಳಿ. ಬಾಟಲಿ ಯಾವುದು ಅನ್ನೋದು ನಿಮ್ಮ ಕೈಯಲ್ಲಿಲ್ಲ, ಉಡುಗೊರೆ ಬಂದಿದೆ. ಉಳಿದ ಎಲ್ಲವೂ ನಿಮ್ಮ ಕೈಯಲ್ಲಿದೆ.

ಬಿಸಿಯಿಂದ ಶುರು ಮಾಡೋಣ, ಯಾಕಂದರೆ ಮನೆಯಲ್ಲಿ ರೆಡ್ ವೈನ್ ಕೆಡುವುದು ಬಹಳ ಸಲ ಇಲ್ಲೇ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅಂತ ಎಲ್ಲರೂ ಕೇಳಿರುತ್ತಾರೆ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಹಳೆ ಮನೆಗಳಲ್ಲಿ. ಅಲ್ಲಿ ಕೋಣೆ ಅಂದರೆ 16-18 ಡಿಗ್ರಿ ಸೆಲ್ಸಿಯಸ್. ಈಗಿನ ಮನೆಗಳು ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತವೆ. 26-27 ಡಿಗ್ರಿಯ ಕೋಣೆಯಲ್ಲಿದ್ದ ಬಾಟಲಿ ತೆರೆದರೆ ಮೂಗಿಗೆ ಮೊದಲು ಬಡಿಯೋದು ಆಲ್ಕೊಹಾಲ್‌ನ ಘಾಟು. ಹಣ್ಣು ಹಿಂದೆ ಸರಿಯುತ್ತದೆ, ವೈನ್ ಸಪ್ಪೆ ಅನಿಸುತ್ತದೆ. ನಿಮ್ಮದರಲ್ಲಿ ಗ್ರೆನಾಶ್ ಇರುವುದರಿಂದ ಆಲ್ಕೊಹಾಲ್ ಶೇ. 14 ಅಥವಾ 14.5 ಇರಬಹುದು, ಲೇಬಲ್ ನೋಡಿ. ಅಂಥ ವೈನ್‌ಗೆ ಬಿಸಿ ಒಗ್ಗೋದೇ ಇಲ್ಲ.

ಹಾಗಾಗಿ ಹೌದು, ಫ್ರಿಜ್‌ನಲ್ಲಿ ಇಡಿ. ಊಟಕ್ಕೆ ಮುಂಚೆ ಮುಕ್ಕಾಲು ಗಂಟೆ ಸಾಕು, ಸೆಖೆ ಜಾಸ್ತಿ ಇದ್ದರೆ ಒಂದು ಗಂಟೆ. ಅವಸರ ಇದ್ದರೆ ಒಂದು ದೊಡ್ಡ ಪಾತ್ರೆಯಲ್ಲಿ ಅರ್ಧ ನೀರು ಅರ್ಧ ಐಸ್ ಹಾಕಿ ಬಾಟಲಿಯನ್ನು ಹತ್ತು ನಿಮಿಷ ಮುಳುಗಿಸಿ. ಬರೀ ಐಸ್‌ಗಿಂತ ನೀರು ಬೆರೆತ ಐಸ್ ಬೇಗ ತಣಿಸುತ್ತದೆ, ಯಾಕಂದರೆ ನೀರು ಬಾಟಲಿಗೆ ಎಲ್ಲ ಕಡೆಯಿಂದ ತಾಗುತ್ತದೆ. ಬಾಟಲಿ ಮುಟ್ಟಿದರೆ ತಂಪು ಅನಿಸಬೇಕು, ಕೈ ಜುಮ್ಮೆನ್ನಬಾರದು. ಸುಮಾರು 16 ಡಿಗ್ರಿ ಇದ್ದರೆ ಚೆಂದ. ಇಡೀ ರಾತ್ರಿ ಫ್ರಿಜ್‌ನಲ್ಲಿಟ್ಟು ನೇರ ಗ್ಲಾಸಿಗೆ ಹಾಕಿದರೆ ಉಲ್ಟಾ ತೊಂದರೆ: ಪರಿಮಳ ಮುಚ್ಚಿಕೊಳ್ಳುತ್ತದೆ, ಒಗರು ಜಾಸ್ತಿಯಾಗಿ ಬಾಯಿ ಒಣಗುತ್ತದೆ. ಹಾಗಾದರೆ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಕಾಯಿರಿ, ತಾನೇ ತೆರೆದುಕೊಳ್ಳುತ್ತದೆ. ಅನುಮಾನ ಇದ್ದರೆ ಯಾವಾಗಲೂ ತಂಪಿನ ಕಡೆಗೇ ವಾಲಿ. ತಂಪಾದ ವೈನ್ ಮೇಜಿನ ಮೇಲೆ ಬೆಚ್ಚಗಾಗುತ್ತದೆ, ಬಿಸಿಯಾದದ್ದು ತಣ್ಣಗಾಗುವುದಿಲ್ಲ.

ಈಗ ಊಟ. ಪಾಸ್ತಾನಾ ಚಿಕನ್ನಾ ಅಂತ ನೇರವಾಗಿ ಕೇಳಿದರೆ ನನ್ನ ಉತ್ತರ ಚಿಕನ್. ಕಾರಣ ಹೇಳುತ್ತೇನೆ.

ರೆಡ್ ವೈನ್ ಕುಡಿದಾಗ ಬಾಯಿ ಹಿಡಿದ ಹಾಗಾಗುತ್ತದಲ್ಲ, ಆ ಒಗರಿಗೆ ಕಾರಣ ಟ್ಯಾನಿನ್. ಅದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ, ಓಕ್ ಪೀಪಾಯಿಯಿಂದಲೂ ಸ್ವಲ್ಪ ಬರುತ್ತದೆ. ನಮ್ಮ ಎಂಜಲಿನಲ್ಲಿರುವ ಪ್ರೋಟೀನ್‌ಗಳಿಗೆ ಟ್ಯಾನಿನ್ ಅಂಟಿಕೊಂಡು ಅವನ್ನು ಗಂಟು ಕಟ್ಟಿಸುತ್ತದೆ. ಬಾಯಿಯ ನುಣುಪು ಹೋಗಿ ನಾಲಿಗೆ ಒರಟಾಗುತ್ತದೆ. ಪಕ್ಕದಲ್ಲಿ ಮಾಂಸ, ಚೀಸ್, ಬೆಣ್ಣೆ, ಎಣ್ಣೆ ಇದ್ದರೆ ಆ ಒರಟು ಇಳಿಯುತ್ತದೆ, ಮತ್ತು ಜಿಡ್ಡಿನಿಂದ ಮಂಕಾದ ಬಾಯಿಯನ್ನು ವೈನ್ ತೊಳೆದ ಹಾಗೆ ಚುರುಕು ಮಾಡುತ್ತದೆ. ಇಬ್ಬರಿಗೂ ಲಾಭ. ಓವನ್‌ನಲ್ಲಿ ಬೆಂದ ಚಿಕನ್‌ನ ಗರಿಗರಿ ಚರ್ಮದಲ್ಲಿ ಉಪ್ಪಿದೆ, ಜಿಡ್ಡಿದೆ, ಕಂದಾಗಿ ಹುರಿದ ರುಚಿ ಇದೆ. ರೋಸ್‌ಮೇರಿ ಅಥವಾ ಥೈಮ್ ಎಲೆ, ಬೆಳ್ಳುಳ್ಳಿ, ಸ್ವಲ್ಪ ಒರಟಾಗಿ ಕುಟ್ಟಿದ ಕರಿಮೆಣಸು ಹಾಕಿದರಂತೂ ಸಿರಾದ ಮೆಣಸಿನ ಘಮ ಗ್ಲಾಸಿನಲ್ಲೂ ತಟ್ಟೆಯಲ್ಲೂ ಒಟ್ಟಿಗೆ ಎದ್ದು ಬರುತ್ತದೆ. ತೊಡೆಯ ಭಾಗ ಆರಿಸಿ, ಎದೆಯ ಭಾಗ ಒಣಕಲು, ಈ ವೈನ್ ಮುಂದೆ ಅದು ಸೋಲುತ್ತದೆ.

ಟೊಮೆಟೊ ಪಾಸ್ತಾದಲ್ಲಿ ಇರುವ ತೊಡಕು ಹುಳಿ. ಬಾಯಲ್ಲಿ ಹುಳಿ ಇದ್ದಾಗ ವೈನಿನ ಹುಳಿ ಕಡಿಮೆ ಅನಿಸುತ್ತದೆ. ಮೊದಲೇ ಹುಳಿ ಕಡಿಮೆ ಇರುವ ಗ್ರೆನಾಶ್ ಆಗ ಜೀವ ಇಲ್ಲದ ಹಾಗೆ ಜೋತು ಬೀಳಬಹುದು. ಟೊಮೆಟೊಗೆ ಇಟಲಿಯ ಕಿಯಾಂತಿ ಒಗ್ಗೋದು ಇದಕ್ಕೇ. ಅದರಲ್ಲಿ ಮುಖ್ಯವಾಗಿರುವ ಸಾಂಜೊವೇಸೆ ದ್ರಾಕ್ಷಿಗೆ ಹುಳಿ ಧಾರಾಳ. ಆದರೆ ಪಾಸ್ತಾ ಬೇಡ ಅಂತ ಹೇಳುತ್ತಿಲ್ಲ. ಸಾಸನ್ನು ಸಣ್ಣ ಉರಿಯಲ್ಲಿ ಜಾಸ್ತಿ ಹೊತ್ತು, ಎಣ್ಣೆ ಬಿಡುವ ತನಕ ಬೇಯಿಸಿ. ಹಸಿ ಹುಳಿ ಹೋಗಿ ಟೊಮೆಟೊ ರುಚಿ ಮೃದುವಾಗುತ್ತದೆ. ಆಲಿವ್ ಎಣ್ಣೆಯಲ್ಲಿ ಕೈ ಬಿಗಿ ಹಿಡಿಯಬೇಡಿ. ಹುರಿದ ಬದನೆಕಾಯಿ, ಉಪ್ಪಿನಲ್ಲಿಟ್ಟ ಆಲಿವ್ ಕಾಯಿ ಸೇರಿಸಿ. ಮೇಲೆ ಗಟ್ಟಿ ಚೀಸ್ ಧಾರಾಳವಾಗಿ ತುರಿಯಿರಿ, ಪಾರ್ಮೆಜಾನ್ ಥರದ್ದು. ಸಾಸಿಗೆ ಸಕ್ಕರೆ ಮಾತ್ರ ಹಾಕಬೇಡಿ. ತಟ್ಟೆ ವೈನಿಗಿಂತ ಸಿಹಿಯಾದರೆ ವೈನ್ ಹುಳಿಯಾಗಿ, ತೆಳ್ಳಗೆ, ಕಹಿಯಾಗಿ ಕಾಣುತ್ತದೆ. ಊಟದ ಕೊನೆಗೆ ಚಾಕೊಲೇಟ್ ಜೊತೆ ಸಿಹಿ ಇಲ್ಲದ ರೆಡ್ ವೈನ್ ಕುಡಿಯುವ ಅಭ್ಯಾಸ ನನಗೆ ಹಿಡಿಸದಿರುವುದೂ ಇದೇ ಕಾರಣಕ್ಕೆ.

ಉಪ್ಪಿನ ಶಕ್ತಿಯನ್ನು ನೀವೇ ನೋಡಬಹುದು. ಊಟಕ್ಕೆ ಮೊದಲು ಒಂದು ಗುಟುಕು ವೈನ್ ಕುಡಿದು, ಒಗರು ಎಷ್ಟಿದೆ ಅಂತ ಗಮನಿಸಿ. ಆಮೇಲೆ ಒಂದು ನಿಂಬೆಹೋಳಿಗೆ ಚಿಟಿಕೆ ಉಪ್ಪು ಉದುರಿಸಿ, ನಾಲಿಗೆಗೆ ತಾಗಿಸಿ, ಮತ್ತೆ ಒಂದು ಗುಟುಕು. ಅದೇ ವೈನ್ ಮೆತ್ತಗಾಗಿರುತ್ತದೆ, ಹಣ್ಣು ಮುಂದೆ ಬಂದಿರುತ್ತದೆ, ಕಹಿ ಹಿಂದೆ ಹೋಗಿರುತ್ತದೆ. ಇದನ್ನು ಒಮ್ಮೆ ಮಾಡಿ ನೋಡಿದವರಿಗೆ ಯಾವುದಕ್ಕೆ ಯಾವ ವೈನ್ ಅನ್ನುವ ದೊಡ್ಡ ದೊಡ್ಡ ಪಟ್ಟಿಗಳ ಭಯ ಹೋಗುತ್ತದೆ. ಊಟದ ನಡುವೆ ವೈನ್ ಒರಟು ಅನಿಸಿದರೆ ತಟ್ಟೆಗೆ ಒಂದು ಚಿಟಿಕೆ ಉಪ್ಪು, ಎರಡು ಹನಿ ನಿಂಬೆರಸ, ಅಷ್ಟೇ. ಅಣಬೆ, ಸೋಯಾ ಸಾಸ್ ಇರುವ ಅಡುಗೆ ವೈನನ್ನು ಕಹಿ ಮಾಡುತ್ತದೆ ಅನ್ನುವವರಿದ್ದಾರೆ, ನಿಜವೇ. ಆದರೆ ಅಲ್ಲೂ ಉಪ್ಪು ಹುಳಿ ಸರಿಯಾಗಿದ್ದರೆ ಕಹಿ ಏಳುವುದಿಲ್ಲ. ಬೆಣ್ಣೆಯಲ್ಲಿ ಹುರಿದ ಅಣಬೆ ಮೂರ್ವೆದ್ರ್‌ನ ಮಣ್ಣಿನ ವಾಸನೆಗೆ ತುಂಬ ಚೆನ್ನಾಗಿ ಹೊಂದುತ್ತದೆ. ಮಾಂಸ ತಿನ್ನದವರು ಬಂದರೆ ಅದನ್ನೇ ಮಾಡಿ, ಜೊತೆಗೆ ಬೇಯಿಸಿದ ಬೇಳೆ ಕಾಳು ಇರಲಿ.

ಎರಡು ವಿಷಯದಲ್ಲಿ ಮಾತ್ರ ಎಚ್ಚರ. ಒಂದು ಖಾರ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಿಯ ಬಿಸಿ ಗುರುತಿಸುವ ನರಗಳನ್ನು ಕೆಣಕುತ್ತದೆ, ಆಲ್ಕೊಹಾಲ್ ಅದೇ ನರಗಳನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಶೇ. 14ರ ವೈನ್ ಖಾರವನ್ನು ತಣಿಸೋದಿಲ್ಲ, ಏರಿಸುತ್ತದೆ. ಖಾರ ನಿಮಗೆ ಇಷ್ಟವಾದರೆ ಹಾಕಿಕೊಳ್ಳಿ, ವೈನ್ ಇನ್ನೂ ಸ್ವಲ್ಪ ತಂಪಾಗಿರಲಿ, ಅಷ್ಟೆ. ಇನ್ನೊಂದು, ಎಣ್ಣೆಯ ಅಂಶ ಇರುವ ಮೀನು. 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ ಪ್ರಕಾರ, ವೈನಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದಷ್ಟೂ ಕಡಲ ಆಹಾರದ ಜೊತೆ ಬಾಯಲ್ಲಿ ಉಳಿಯುವ ನೀಚು ವಾಸನೆ ಜಾಸ್ತಿ. ರೆಡ್ ವೈನಿನಲ್ಲಿ ಕಬ್ಬಿಣ ಸಾಮಾನ್ಯವಾಗಿ ಹೆಚ್ಚು. ಎಲ್ಲ ಬಾಟಲಿಯಲ್ಲೂ ಹೀಗಾಗುವುದಿಲ್ಲ, ಆದರೆ ಇರೋದು ಒಂದೇ ಬಾಟಲಿ ಅಂದಮೇಲೆ ಆ ಪರೀಕ್ಷೆ ಯಾಕೆ?

ಗ್ಲಾಸ್ ವಿಷಯ ಚಿಕ್ಕದು. ಬಾಯಿ ಕಡೆ ಸ್ವಲ್ಪ ಕಿರಿದಾಗುವ, ಹೊಟ್ಟೆ ಅಗಲ ಇರುವ ಯಾವುದೇ ತೆಳು ಗ್ಲಾಸ್ ಸಾಕು, ಕಾಲು ಇಲ್ಲದಿದ್ದರೂ ನಡೆಯುತ್ತದೆ. ಮೂರನೇ ಒಂದು ಭಾಗ ಮಾತ್ರ ತುಂಬಿ, ಆಡಿಸಲು ಜಾಗ ಇರಲಿ. ಹಿಂದಿನ ದಿನ ತೊಳೆದು ಕಪಾಟಿನಲ್ಲಿಟ್ಟ ಗ್ಲಾಸಿಗೆ ಸೋಪಿನ ಅಥವಾ ಮರದ ವಾಸನೆ ಇರುತ್ತದೆ, ನೀರಲ್ಲಿ ಒಮ್ಮೆ ಜಾಲಿಸಿ. ವೈನಿಗೆ ಗಾಳಿ ತಾಗಲಿ ಅಂತ ಸುರಿದಿಡುವ ಗಾಜಿನ ಪಾತ್ರೆ, ಡಿಕ್ಯಾಂಟರ್, ಕೊಳ್ಳಲು ಹೋಗಬೇಡಿ. ಎರಡು ಮೂರು ವರ್ಷ ಹಳೆಯ ವೈನಾದರೆ ಅಡುಗೆಮನೆಯ ಗಾಜಿನ ಜಗ್‌ಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಗಾಳಿ ತಾಗಿ ಮೆತ್ತಗಾಗುತ್ತದೆ. ಸಿರಾ ಮತ್ತು ಮೂರ್ವೆದ್ರ್ ಇರುವ ವೈನ್ ತೆರೆದ ತಕ್ಷಣ ಕೆಲವೊಮ್ಮೆ ಸುಟ್ಟ ಬೆಂಕಿಕಡ್ಡಿಯ ಅಥವಾ ರಬ್ಬರಿನ ವಾಸನೆ ಹೊಡೆಯುತ್ತದೆ. ಹೆದರಬೇಡಿ, ಗಾಳಿಗೆ ಅದು ಬಹಳ ಸಲ ಹೋಗುತ್ತದೆ. ಒದ್ದೆ ರಟ್ಟಿನ, ನೆಲಮಾಳಿಗೆಯ ಮುಗ್ಗಲು ವಾಸನೆ ಬಂದರೆ ಮಾತ್ರ ಅದು ಕಾರ್ಕಿನ ದೋಷ. ಟಿಸಿಎ ಅನ್ನುವ ರಾಸಾಯನಿಕದ ಕೆಲಸ. ಎಷ್ಟು ಹೊತ್ತು ಬಿಟ್ಟರೂ ಹೋಗುವುದಿಲ್ಲ. ಕುಡಿದರೆ ಅಪಾಯ ಇಲ್ಲ, ಸುಖವೂ ಇಲ್ಲ.

ಪ್ರಮಾಣದ ಬಗ್ಗೆಯೂ ಹೇಳಲೇಬೇಕು. 750 ಮಿಲಿ ಬಾಟಲಿಯಲ್ಲಿ 150 ಮಿಲಿಯ 5 ಗ್ಲಾಸ್ ಬರುತ್ತದೆ. ಶೇ. 14ರ ವೈನಿನ ಒಂದು ಗ್ಲಾಸಿನಲ್ಲಿ ಸುಮಾರು 16-17 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ರೆಡ್ ವೈನ್ ಹೃದಯಕ್ಕೆ ಒಳ್ಳೆಯದು ಅಂತ ಕುಡಿಯಬೇಡಿ, ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ರುಚಿಗಾಗಿ ಕುಡಿಯಿರಿ, ಪ್ರತಿ ಗ್ಲಾಸಿನ ಪಕ್ಕ ಒಂದು ಲೋಟ ನೀರು ಇರಲಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿ. ಗಾಡಿ ಓಡಿಸೋದಿದ್ದರೆ, ಗರ್ಭಿಣಿಯಾಗಿದ್ದರೆ ಬೇಡವೇ ಬೇಡ.

ಇನ್ನು ಉಳಿದ ವೈನ್. ಒಂದೇ ಸಂಜೆ ಮುಗಿಸಬೇಕು ಅಂತ ಏನೂ ಇಲ್ಲ. ವೈನ್ ಹಾಳಾಗೋದು ಗಾಳಿಯಿಂದ, ಅರ್ಧ ಖಾಲಿ ಬಾಟಲಿಯಲ್ಲಿ ಅರ್ಧದಷ್ಟು ಗಾಳಿಯೇ ಇರುತ್ತದೆ. ಇದಕ್ಕೆ ಸುಲಭ ಉಪಾಯ ಇದೆ. ಚೆನ್ನಾಗಿ ತೊಳೆದು ಒಣಗಿಸಿದ, ತಿರುಪು ಮುಚ್ಚಳದ 375 ಮಿಲಿಯ ಸಣ್ಣ ಗಾಜಿನ ಬಾಟಲಿ ಹುಡುಕಿ ಇಟ್ಟುಕೊಳ್ಳಿ. ವೈನ್ ತೆರೆದ ತಕ್ಷಣ, ಮೊದಲ ಗ್ಲಾಸಿಗೂ ಮುಂಚೆ, ಅದನ್ನು ಕತ್ತಿನ ತನಕ ತುಂಬಿ, ಮುಚ್ಚಿ, ಫ್ರಿಜ್‌ಗೆ ಸೇರಿಸಿ. ಊಟ ಮುಗಿದ ಮೇಲೆ ಉಳಿದಿದ್ದನ್ನು ಹಾಕಿದರೆ ಅಷ್ಟು ಪ್ರಯೋಜನ ಇಲ್ಲ, ಅಷ್ಟೊತ್ತಿಗೆ ಅದು ಸಾಕಷ್ಟು ಗಾಳಿ ಕುಡಿದಿರುತ್ತದೆ. ಹೀಗೆ ಮಾಡಿದರೆ ಒಂದು ವಾರ ಧೈರ್ಯವಾಗಿ ಇಡಬಹುದು. ಸಣ್ಣ ಬಾಟಲಿ ಇಲ್ಲದಿದ್ದರೆ ಅದೇ ಬಾಟಲಿಗೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿ ನಿಲ್ಲಿಸಿ, ಮೂರು ದಿನ ಸುಮಾರಾಗಿ ಚೆನ್ನಾಗಿರುತ್ತದೆ. ಗ್ರೆನಾಶ್ ಒಂಟಿಯಾಗಿದ್ದರೆ ಗಾಳಿಗೆ ಬೇಗ ಸೋಲುತ್ತದೆ. ಸಿರಾ, ಮೂರ್ವೆದ್ರ್ ಜೊತೆಗಿದ್ದಾಗ ತಡೆಯುತ್ತದೆ, ಬ್ಲೆಂಡ್‌ನ ಈ ಉಪಕಾರವನ್ನು ನಿಮ್ಮ ಸ್ನೇಹಿತರಿಗೂ ಹೇಳಿ.

ಎರಡನೇ ದಿನ ಕುಡಿಯುವ ಅರ್ಧ ಗಂಟೆ ಮೊದಲು ಫ್ರಿಜ್‌ನಿಂದ ಹೊರಗಿಡಿ. ಬಹಳ ಸಲ ಮೊದಲ ದಿನಕ್ಕಿಂತ ಮೆತ್ತಗೆ, ಘಮಘಮ ಇರುತ್ತದೆ. ಹಣ್ಣು ಮಸುಕಾಗಿದ್ದರೆ ಅಡುಗೆಗೆ ಬಳಸಿ. ಪಾಸ್ತಾ ಸಾಸಿಗೆ ಈರುಳ್ಳಿ ಹುರಿದ ಮೇಲೆ ಅರ್ಧ ಲೋಟ ಸುರಿದು, ಅದು ಇಂಗುವ ತನಕ ಕುದಿಸಿ, ಆಮೇಲೆ ಟೊಮೆಟೊ ಹಾಕಿ. ಈಗ ಬೇಡವಾದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಬಹುದು. ವಿನೆಗರ್ ಥರ ಅಥವಾ ನೇಲ್ ಪಾಲಿಶ್ ಥರ ವಾಸನೆ ಬಂದರೆ ಮಾತ್ರ ಅಡುಗೆಗೂ ಬೇಡ, ಸಿಂಕಿಗೆ ಸುರಿದುಬಿಡಿ.